ಮುಳಬಾಗಿಲಿನ ಕೆರೆಗಳು ಅರಬ್ಬೀ ಸಮುದ್ರಕ್ಕೆ ಬಿದ್ದಾಗ

ಪಂಚಾಯಿತಿಯಿಂದ ಬಂದ ಕೆರೆಗಳ ಶೇಪ್‌ಫೈಲನ್ನು (ನಕ್ಷೆಯ ಆಕಾರಗಳಿರುವ ಕಂಪ್ಯೂಟರ್ ಫೈಲ್) ರಾಜ್ಯದ ನಕ್ಷೆಗೆ ಸೇರಿಸಿದರೆ, ಮುಳಬಾಗಿಲು ಕಡೆಯ ಕೆರೆಗಳೆಲ್ಲ ಅರಬ್ಬೀ ಸಮುದ್ರದಲ್ಲಿ ಕಾಣುತ್ತಿದ್ದವು. ಅದರ ಅಂಕಿಗಳು ಯಾವ ಅಳತೆ ವ್ಯವಸ್ಥೆಯವು ಎಂದು ಹೇಳುವ ಪಿಆರ್‌ಜೆ ಫೈಲ್ ಜೊತೆಗೆ ಇರಲಿಲ್ಲ.

ಲೇಯರನ್ನು, ಅಂದರೆ ಕೆರೆಗಳ ಪದರವನ್ನು, ಎಳೆದು ಕೂರಿಸಿದೆ, ಗಡಿ ಹೊಂದಲಿಲ್ಲ. ಇಡೀ ನಕ್ಷೆಯ ಸಿಆರ್‌ಎಸ್ (ಸ್ಥಾನ ಅಳೆಯುವ ವ್ಯವಸ್ಥೆ) ಬದಲಿಸಿದೆ, ಸುಮ್ನೆ ಹೊತ್ತು ಹೋಯಿತು.

ಕಾರಣ ಇಷ್ಟೇ: 78 ಡಿಗ್ರಿ ಪೂರ್ವ ರೇಖಾಂಶ ದಾಟಿದರೆ ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಅಳೆಯುವ ಪದ್ಧತಿ) ವಲಯ 43 ಮುಗಿದು 44 ಶುರು. ಕೋಲಾರ ಜಿಲ್ಲೆ ಎರಡರಲ್ಲೂ ಹರಡಿದೆ. ಪಂಚಾಯಿತಿ ಕೊಟ್ಟ ಸ್ಥಾನದ ಅಂಕಿಗಳು 44ರವು, ನಮ್ಮ ನಕ್ಷೆ 43ರದು. ಹಾಗಾಗಿ ಎಲ್ಲವೂ 6 ಡಿಗ್ರಿ ಪಶ್ಚಿಮಕ್ಕೆ ಜರುಗಿದ್ದವು.

ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಕ್ರಮ ತಪ್ಪಬಾರದು. ಮೊದಲು 'ಸೆಟ್ ಲೇಯರ್ ಸಿಆರ್‌ಎಸ್'ನಲ್ಲಿ ಇಪಿಎಸ್‌ಜಿ 32644 (ವಲಯ 44ರ ಸಂಕೇತ ಸಂಖ್ಯೆ) ಕೊಡಿ. ಇದು ಅಂಕಿಗಳನ್ನು ಬದಲಿಸುವುದಿಲ್ಲ, ಅವು ಯಾವ ವಲಯದವು ಎಂದಷ್ಟೇ ಹೇಳುತ್ತದೆ. ಆಮೇಲೆ 'ಎಕ್ಸ್‌ಪೋರ್ಟ್', 'ಸೇವ್ ಫೀಚರ್ಸ್ ಆ್ಯಸ್', ಸಿಆರ್‌ಎಸ್ 32643 (ವಲಯ 43ರದು). ಅಂಕಿಗಳು ನಿಜವಾಗಿ ಬದಲಾಗುವುದು ಇಲ್ಲೇ. ನೇರವಾಗಿ 32643 ಎಂದು ಸೆಟ್ ಮಾಡಿದರೆ ಮತ್ತೆ ಸಮುದ್ರವೇ.

ಕಳಿಸುವವರು ಶೇಪ್‌ಫೈಲಿನ ಬದಲು ಜಿಯೊಪ್ಯಾಕೇಜ್ ಎಂಬ ಫೈಲಾಗಿ ಕಳಿಸುವುದು ಒಳ್ಳೆಯದು. ಸಿಆರ್‌ಎಸ್ ಅದೇ ಫೈಲಿನೊಳಗೆ ಇರುತ್ತದೆ.