ಓನರ್‌ಗೆ ಬರೆದದ್ದನ್ನು ನೀವೂ ಓದಿ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಮಾರ್ಗದರ್ಶಿ

ಹೊಸದಾಗಿ ಬಂದವರು ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೊದಲು ಕೇಳುವುದೇ ಮನೆಯ ವಿಷಯ. "ಆರು ತಿಂಗಳ ಬಾಡಿಗೆ ಒಟ್ಟಿಗೆ ಕೇಳ್ತಿದ್ದಾರೆ, ಕೊಡಬೇಕಾ?" "ಗೋಡೆಗೆ ಬೂಷ್ಟು ಬಂದಿದೆ, ಯಾರಿಗೆ ಹೇಳೋದು?" "ಕೌನ್ಸಿಲ್ ಟ್ಯಾಕ್ಸ್ ನಾವು ಕಟ್ಟಬೇಕಾ, ಓನರಾ?"

ಇವಕ್ಕೆಲ್ಲ ಉತ್ತರ ಒಂದೇ ಕಡೆ ಸಿಗುತ್ತದೆ. ಪ್ರತಿ ಊರಿನ ಕೌನ್ಸಿಲ್ (ನಮ್ಮ ನಗರಸಭೆ ಇದ್ದಹಾಗೆ) ಖಾಸಗಿ ಮನೆ ಮಾಲೀಕರಿಗೆ ಅಂತಲೇ ಸೂಚನೆಗಳನ್ನು ಕೊಡುತ್ತದೆ. ಯಾವ ಸರ್ಟಿಫಿಕೇಟ್ ಬೇಕು, ಯಾವ ಲೈಸೆನ್ಸ್ ಬೇಕು, ಎಷ್ಟು ಡೆಪಾಸಿಟ್ ತೆಗೆದುಕೊಳ್ಳಬಹುದು, ತಪ್ಪಿದರೆ ದಂಡ ಎಷ್ಟು ಎಂದೆಲ್ಲ. ಬಾಡಿಗೆಗೆ ಇರುವವರು ಅದನ್ನು ಓದುವುದಿಲ್ಲ. ಓನರ್‌ಗೆ ಬರೆದದ್ದು, ನಮಗ್ಯಾಕೆ ಅಂತ. ಆದರೆ ಓನರ್ "ಮಾಡಲೇಬೇಕು" ಎಂದು ಅಲ್ಲಿ ಬರೆದಿರುವುದನ್ನೆಲ್ಲ ನೀವು ಧೈರ್ಯವಾಗಿ ಕೇಳಬಹುದು. ನಾನು ಇದನ್ನು ಎರಡು ವರ್ಷ ತಡವಾಗಿ ಕಲಿತೆ.

ಇಲ್ಲಿ ಬರೆದಿರುವುದು ಇಂಗ್ಲೆಂಡಿಗೆ ಮಾತ್ರ. ವೇಲ್ಸ್‌ನಲ್ಲಿ 2022ರ ಡಿಸೆಂಬರ್ 1ರಿಂದ ಬೇರೆಯದೇ ಕಾನೂನು ಇದೆ. ಸ್ಕಾಟ್ಲೆಂಡಿನಲ್ಲಿ ಎರಡು ತಿಂಗಳ ಬಾಡಿಗೆಯವರೆಗೂ ಡೆಪಾಸಿಟ್ ಕೇಳಬಹುದು. ಕಾರ್ಡಿಫ್, ಗ್ಲಾಸ್ಗೋ ಕಡೆಯವರು ಅಲ್ಲಿನ ನಿಯಮವನ್ನೇ ನೋಡಿಕೊಳ್ಳಿ.

ಸಹಿ ಹಾಕುವ ಮೊದಲು

ಮನೆ ಕೊಡುವ ಮೊದಲು ಓನರ್ ನಿಮ್ಮ ವೀಸಾ ನೋಡಲೇಬೇಕು. ಇದಕ್ಕೆ ರೈಟ್ ಟು ರೆಂಟ್ ತಪಾಸಣೆ ಎನ್ನುತ್ತಾರೆ. 2016ರ ಫೆಬ್ರವರಿಯಿಂದ ಇಡೀ ಇಂಗ್ಲೆಂಡಿನಲ್ಲಿ ಇದು ಕಡ್ಡಾಯ. ನಿಮ್ಮ ಇ-ವೀಸಾ ಖಾತೆಯಿಂದ ಒಂದು ಶೇರ್ ಕೋಡ್ ತೆಗೆದು, ಹುಟ್ಟಿದ ದಿನಾಂಕದ ಜೊತೆ ಕೊಟ್ಟರೆ ಸಾಕು. ಆ ಕೋಡ್ 90 ದಿನ ನಡೆಯುತ್ತದೆ. ಕೆಲಸಕ್ಕೆ ಕೊಟ್ಟ ಕೋಡ್ ಇಲ್ಲಿ ನಡೆಯುವುದಿಲ್ಲ, ಬಾಡಿಗೆಗೆ ಅಂತ ಬೇರೆ ತೆಗೆಯಬೇಕು. 18 ತುಂಬಿದ ಎಲ್ಲರದೂ ಬೇಕು, ಮಕ್ಕಳದು ಬೇಡ. ಇದನ್ನು ಅವಮಾನ ಅಂದುಕೊಳ್ಳಬೇಡಿ. ನೋಡದೆ ಮನೆ ಕೊಟ್ಟರೆ ಓನರ್‌ಗೆ ಸಾವಿರಾರು ಪೌಂಡ್ ದಂಡ ಬೀಳಬಹುದು.

ಇನ್ನು ದುಡ್ಡಿನ ವಿಷಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇಲ್ಲಿನ ಲೆಕ್ಕ ನಂಬುವುದೇ ಕಷ್ಟ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಇರುವಂತಿಲ್ಲ. ತಿಂಗಳಿಗೆ 1,300 ಪೌಂಡ್ ಅಂದುಕೊಳ್ಳಿ. ವರ್ಷಕ್ಕೆ 15,600, ವಾರಕ್ಕೆ 300. ಡೆಪಾಸಿಟ್ 1,500 ಪೌಂಡ್, ಅದರ ಮೇಲೆ ಒಂದು ಪೈಸೆ ಇಲ್ಲ. ಮನೆ ಹಿಡಿದಿಡಲು ಕೊಡುವ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆ ಮಾತ್ರ. ರೆಫರೆನ್ಸ್ ಫೀಸು, ಅಗ್ರಿಮೆಂಟ್ ಫೀಸು ಅಂತ ಏಜೆಂಟ್ ನಿಮ್ಮಿಂದ ಕೀಳುವಂತಿಲ್ಲ. 2019ರ ಜೂನ್ 1ರಿಂದ ಅದೆಲ್ಲ ಬಂದ್ ಆಗಿದೆ.

ಆರು ತಿಂಗಳ ಬಾಡಿಗೆ ಮುಂಗಡ ಕೇಳುವುದು ನಮ್ಮಂಥವರಿಗೆ ದೊಡ್ಡ ಕಾಟವಾಗಿತ್ತು. ಇಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲ, ಹಾಗಾಗಿ ಕೊಡಿ ಅನ್ನುತ್ತಿದ್ದರು. ನಾನೂ ಊರಲ್ಲಿ ಎಫ್‌ಡಿ ಮುರಿದು ಕೊಟ್ಟಿದ್ದೇನೆ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಇದನ್ನು ನಿಲ್ಲಿಸಿದೆ. 2026ರ ಮೇ 1ರಿಂದ ಆಗುವ ಬಾಡಿಗೆ ಒಪ್ಪಂದಗಳಲ್ಲಿ, ಸಹಿಯಾದ ಮೇಲೆ ಒಂದು ತಿಂಗಳ ಬಾಡಿಗೆ ಮಾತ್ರ ಮುಂಗಡ ಕೇಳಬಹುದು. ಸಹಿಗೆ ಮುಂಚೆ ನೀವಾಗಿಯೇ ಕೊಡುತ್ತೇನೆ ಎಂದರೂ ತೆಗೆದುಕೊಳ್ಳುವಂತಿಲ್ಲ. ಜಾಹೀರಾತಿನಲ್ಲಿ ಹಾಕಿದ ಬಾಡಿಗೆಗಿಂತ ಜಾಸ್ತಿ ಕೊಡಿ ಎಂದು ಹರಾಜು ಹಾಕುವಂತೆಯೂ ಇಲ್ಲ. ಗ್ಯಾರಂಟರ್ (ನೀವು ಬಾಡಿಗೆ ಕಟ್ಟದಿದ್ದರೆ ಕಟ್ಟುತ್ತೇನೆ ಎಂದು ಜಾಮೀನು ನಿಲ್ಲುವವರು) ಬೇಕು ಎಂದು ಮಾತ್ರ ಕೇಳಬಹುದು. ಅದಕ್ಕೆ ಕೆಲಸದ ಪತ್ರ, ಸಂಬಳದ ವಿವರ, ಊರಿನ ಬ್ಯಾಂಕ್ ಸ್ಟೇಟ್‌ಮೆಂಟ್ ರೆಡಿ ಇಟ್ಟುಕೊಳ್ಳಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಮತ್ತೆ, ಇನ್ನೂ ಬೆಂಗಳೂರಿನಲ್ಲೇ ಕೂತು ಫೋಟೋ ನೋಡಿ ಯಾರಿಗೂ ದುಡ್ಡು ಕಳಿಸಬೇಡಿ. ಮೊದಲು ಎರಡು ವಾರ ಎಲ್ಲಾದರೂ ಉಳಿದುಕೊಳ್ಳಿ, ಕಣ್ಣಾರೆ ನೋಡಿ.

ಡೆಪಾಸಿಟ್ ಎಲ್ಲಿಗೆ ಹೋಗುತ್ತದೆ

ಓನರ್ ಜೇಬಿಗೆ ಹೋಗುವಂತಿಲ್ಲ. ಸರ್ಕಾರ ಒಪ್ಪಿದ ಮೂರು ಯೋಜನೆಗಳಿವೆ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ದುಡ್ಡು ಕೊಟ್ಟ 30 ದಿನದೊಳಗೆ ಇವುಗಳಲ್ಲಿ ಒಂದರಲ್ಲಿ ನೋಂದಾಯಿಸಿ, ಆ ವಿವರ ನಿಮಗೆ ಕೊಡಬೇಕು. ಮಾಡದಿದ್ದರೆ ಕೋರ್ಟು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ನಿಮಗೆ ಕೊಡಿಸಬಹುದು. ಮೂವತ್ತೊಂದನೇ ದಿನ ನೆನಪಿಸಲು ಫೋನಿನಲ್ಲಿ ಅಲಾರಂ ಇಡಿ.

ನಮ್ಮೂರಲ್ಲಿ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರಲ್ಲ, ಇಲ್ಲಿ ಅದು ನಡೆಯುವುದಿಲ್ಲ. ದಿನಬಳಕೆಯಲ್ಲಿ ಸವೆದದ್ದಕ್ಕೆ ಕತ್ತರಿಸುವಂತಿಲ್ಲ. ಕಾರ್ಪೆಟ್ ಮೇಲೆ ಅರಿಶಿನದ ಕಲೆ ಮಾತ್ರ ಸವೆತ ಅಲ್ಲ, ಅದಕ್ಕೆ ಕತ್ತರಿಸುತ್ತಾರೆ! ಮನೆಗೆ ಹೋದ ದಿನ ಇನ್ವೆಂಟರಿ ಪಟ್ಟಿ (ಮನೆಯಲ್ಲಿ ಏನೇನಿದೆ, ಯಾವ ಸ್ಥಿತಿಯಲ್ಲಿದೆ ಎಂಬುದು) ಕೊಟ್ಟಾಗ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಪ್ರತಿ ಕೋಣೆ, ಓವನ್ ಒಳಗೆ, ಹಾಸಿಗೆಯ ಕೆಳಗೆ, ಮೀಟರ್, ಎಲ್ಲದರ ಫೋಟೋ ತೆಗೆದು ಅದೇ ದಿನ ಏಜೆಂಟ್‌ಗೆ ಇಮೇಲ್ ಮಾಡಿ. ಹಾಲು ಉಕ್ಕಿಸುವುದು ಆಮೇಲೆ.

ಕೈಗೆ ಬರಬೇಕಾದ ಕಾಗದಗಳು

ಗ್ಯಾಸ್ ಇದ್ದರೆ ಗ್ಯಾಸ್ ಸೇಫ್ ನೋಂದಾಯಿತ ಎಂಜಿನಿಯರ್ ವರ್ಷಕ್ಕೊಮ್ಮೆ ಕೊಡುವ ಸರ್ಟಿಫಿಕೇಟ್. ಐದು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕಾದ ವಿದ್ಯುತ್ ತಪಾಸಣೆಯ ವರದಿ. ಮನೆ ಎಷ್ಟು ಬೆಚ್ಚಗಿರುತ್ತದೆ ಎಂದು ಹೇಳುವ ಇಪಿಸಿ. ಅದರಲ್ಲಿ ಸಾಮಾನ್ಯವಾಗಿ ಇ ಅಥವಾ ಅದಕ್ಕಿಂತ ಒಳ್ಳೆಯ ದರ್ಜೆ ಇರಬೇಕು. ಇಪಿಸಿಯನ್ನು ಸುಮ್ನೆ ಕಾಗದ ಅಂದುಕೊಳ್ಳಬೇಡಿ. ಸಿ ಮನೆಗೂ ಇ ಮನೆಗೂ ಜನವರಿಯ ಬಿಲ್ಲಿನಲ್ಲಿ ಇರುವ ವ್ಯತ್ಯಾಸ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ.

ಪ್ರತಿ ಮಹಡಿಗೂ ಹೊಗೆಯ ಅಲಾರಂ, ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಓನರ್ ಹಾಕಿಸಬೇಕು. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಅದು ಕಿರುಚಿಕೊಳ್ಳುವುದು ಖಂಡಿತ. ಬ್ಯಾಟರಿ ಕೀಳಬೇಡಿ, ಪ್ಲಾಸ್ಟಿಕ್ ಕವರ್ ಕಟ್ಟಬೇಡಿ. ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ.

ಒಟ್ಟಿಗೆ ಮನೆ ಮಾಡಿದವರಿಗೆ

ಖರ್ಚು ಉಳಿಸಲು ಎರಡು ಕುಟುಂಬ ಸೇರಿ ಮನೆ ಹಿಡಿಯುವುದು ನಮ್ಮಲ್ಲಿ ಮಾಮೂಲು. ಇಲ್ಲಿ ಒಂದು ವಿಷಯ ಗೊತ್ತಿರಲಿ. ಒಂದಕ್ಕಿಂತ ಹೆಚ್ಚು ಕುಟುಂಬಕ್ಕೆ ಸೇರಿದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡರೆ ಆ ಮನೆಗೆ ಎಚ್‌ಎಂಓ (ಹಲವು ಕುಟುಂಬದವರು ಹಂಚಿಕೊಂಡಿರುವ ಮನೆ) ಲೈಸೆನ್ಸ್ ಕಡ್ಡಾಯ. ಗಂಡ ಹೆಂಡತಿ ಎರಡು ಜೋಡಿ, ಜೊತೆಗೆ ಆಫೀಸಿನ ಒಬ್ಬ ಗೆಳೆಯ, ಅಷ್ಟೇ ಸಾಕು. ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಕೆಲವು ಕೌನ್ಸಿಲ್‌ಗಳಲ್ಲಿ ಮೂರು ಜನಕ್ಕೇ ಬೇಕು. ಅಂಥ ಲೈಸೆನ್ಸಿನ ಮನೆಯಲ್ಲಿ ಒಬ್ಬ ವಯಸ್ಕ ಮಲಗುವ ಕೋಣೆ 6.51 ಚದರ ಮೀಟರ್‌ಗಿಂತ, ಇಬ್ಬರದು 10.22ಕ್ಕಿಂತ ಚಿಕ್ಕದಿರುವಂತಿಲ್ಲ.

ಇನ್ನು ಕೆಲವು ಊರುಗಳಲ್ಲಿ, ಬಡಾವಣೆಗಳಲ್ಲಿ ಒಂದೇ ಕುಟುಂಬಕ್ಕೆ ಕೊಟ್ಟ ಮನೆಗೂ ಲೈಸೆನ್ಸ್ ಬೇಕು. ಲಂಡನ್ನಿನ ನ್ಯೂಹ್ಯಾಮ್ 2013ರಲ್ಲೇ ಇದನ್ನು ಶುರುಮಾಡಿತು. ಲೈಸೆನ್ಸ್ ಪಡೆದ ಮನೆಗಳ ಪಟ್ಟಿ ಕೌನ್ಸಿಲ್ ಹತ್ತಿರ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಬೇಕಿದ್ದೂ ಲೈಸೆನ್ಸ್ ಇಲ್ಲದಿದ್ದರೆ ತಪ್ಪು ಓನರ್‌ದು, ನಿಮ್ಮದಲ್ಲ. ಟ್ರಿಬ್ಯೂನಲ್‌ಗೆ (ಇಂಥ ತಕರಾರು ಕೇಳುವ ನ್ಯಾಯಮಂಡಳಿ) ಹೋಗಿ ಕಟ್ಟಿದ ಬಾಡಿಗೆಯನ್ನೇ ವಾಪಸ್ ಕೇಳಬಹುದು.

ಬೂಷ್ಟು

ನನ್ನ ಮೊದಲ ಫ್ಲಾಟಿನ ಮಲಗುವ ಕೋಣೆಯಲ್ಲಿ ನವೆಂಬರ್ ಹೊತ್ತಿಗೆ ಕಪಾಟಿನ ಹಿಂದೆ ಕಪ್ಪು ಬೂಷ್ಟು ಕಾಣಿಸಿತು. ಏಜೆಂಟ್‌ಗೆ ಫೋನ್ ಮಾಡಿದರೆ, "ನಿಮ್ಮ ಅಡುಗೆಯಿಂದ ಬರುತ್ತೆ, ಕಿಟಕಿ ತೆಗೀರಿ" ಎಂದರು. ಮಗುವಿಗೆ ಕೆಮ್ಮು ನಿಲ್ಲಲಿಲ್ಲ. ಫೋನ್ ಬಿಟ್ಟು ಇಮೇಲ್ ಬರೆಯಲು ಶುರುಮಾಡಿದೆ, ಫೋಟೋ, ತಾರೀಕು ಸಮೇತ. ಮೂರನೆಯದಕ್ಕೂ ಉತ್ತರ ಬಾರದಿದ್ದಾಗ ಕೌನ್ಸಿಲ್‌ಗೆ ದೂರು ಕೊಟ್ಟೆ. ಒಬ್ಬ ಮಹಿಳಾ ಅಧಿಕಾರಿ ಬಂದು ಗೋಡೆಗೆ ತೇವ ಅಳೆಯುವ ಯಂತ್ರ ಹಿಡಿದರು. ಆಮೇಲೆ ಹೊರಗೆ ಹೋಗಿ ತಲೆ ಎತ್ತಿ ನೋಡಿದರು. ಮಳೆನೀರಿನ ಗಟರ್ ಒಡೆದು, ನೀರು ಗೋಡೆಗೇ ಇಳಿಯುತ್ತಿತ್ತು. ನಮ್ಮ ಸಾರಿನದೇನೂ ತಪ್ಪಿರಲಿಲ್ಲ.

ಈ ಕೆಲಸ ನೋಡುವುದು ಖಾಸಗಿ ಮನೆಗಳ ವಿಭಾಗ ಅಥವಾ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗ. ತೇವ, ಚಳಿ, ಬೆಂಕಿ, ಮೆಟ್ಟಿಲಿನಿಂದ ಬೀಳುವುದು ಇಂಥ ಅಪಾಯಗಳನ್ನು ಅಳೆಯಲು ಅವರಿಗೆ ಗೊತ್ತುಮಾಡಿದ ವಿಧಾನವಿದೆ. ಗಂಭೀರ ದರ್ಜೆಯ ಅಪಾಯ ಕಂಡರೆ ಕೌನ್ಸಿಲ್ ಕ್ರಮ ಕೈಗೊಳ್ಳಲೇಬೇಕು, ಸುಮ್ಮನಿರುವಂತಿಲ್ಲ. ಹೀಟಿಂಗ್, ನೀರಿನ ಪೈಪು, ಛಾವಣಿ, ಗೋಡೆ ರಿಪೇರಿ ಓನರ್ ಹೊಣೆ. ಮೊದಲು ಓನರ್‌ಗೆ ಬರವಣಿಗೆಯಲ್ಲಿ ಹೇಳಿ, ಸರಿಪಡಿಸಲು ಸಮಯ ಕೊಡಿ, ಆಮೇಲೆ ದೂರು. ಹಾಗಂತ ಚಳಿಗಾಲವಿಡೀ ಕೋಣೆಯೊಳಗೆ ಬಟ್ಟೆ ಒಣಗಿಸಿ, ಕಿಟಕಿ ಮುಚ್ಚಿಕೊಂಡು ಕೂತರೆ ಅದರಿಂದಲೂ ಬೂಷ್ಟು ಬರುತ್ತದೆ. ಇದನ್ನೂ ಹೇಳಲೇಬೇಕು.

ದೂರು ಕೊಟ್ಟರೆ ಮನೆ ಬಿಡಿಸುತ್ತಾರೆ ಅನ್ನುವ ಭಯ ಎಲ್ಲರಿಗೂ ಇತ್ತು. ಕಾರಣ ಕೊಡದೆ ಬಿಡಿಸುವ ಸೆಕ್ಷನ್ 21 ನೋಟಿಸಿಗೂ 2026ರ ಮೇ 1 ಕೊನೆ ಹಾಡಿದೆ. ಈಗ ಕಾನೂನಿನಲ್ಲಿರುವ ಕಾರಣ ಬೇಕು. ನೀವು ಹೋಗದಿದ್ದರೆ ಕೋರ್ಟಿನ ಆದೇಶವೂ ಬೇಕು. ಬಾಡಿಗೆ ಏರಿಸುವುದು ವರ್ಷಕ್ಕೆ ಒಂದೇ ಸಲ, ಎರಡು ತಿಂಗಳ ನೋಟಿಸ್ ಕೊಟ್ಟು. ಜಾಸ್ತಿ ಅನಿಸಿದರೆ ಟ್ರಿಬ್ಯೂನಲ್‌ನಲ್ಲಿ ಪ್ರಶ್ನಿಸಬಹುದು. ಓನರ್ ಬೀಗ ಬದಲಾಯಿಸಿ ಹೊರಗೆ ಹಾಕಿದರೆ ಅದು ಅಪರಾಧ, ಕೂಡಲೇ ಕೌನ್ಸಿಲ್‌ಗೆ ತಿಳಿಸಿ.

ಓನರ್ ಕೂಡ ನಮ್ಮವರೇ ಆದಾಗ

ಇದನ್ನು ಬರೆಯಲು ಸ್ವಲ್ಪ ಮುಜುಗರ, ಆದರೂ ಬರೆಯುತ್ತೇನೆ. "ನಮ್ಮ ಕನ್ನಡದವರೇ, ಅಗ್ರಿಮೆಂಟ್ ಯಾಕೆ?" ಎಂದು ಬಾಯಿಮಾತಿನಲ್ಲಿ ಮನೆ ಕೊಟ್ಟು, ಆಮೇಲೆ ಮಾತುಬಿಟ್ಟವರನ್ನು ನೋಡಿದ್ದೇನೆ. ಅಣ್ಣ, ಅಕ್ಕ ಎನ್ನುವುದು ಬೇರೆ, ಕಾಗದ ಬೇರೆ.

ಅವರ ಮನೆಯಲ್ಲೇ ಒಂದು ಕೋಣೆ ಹಿಡಿದು, ಅಡುಗೆಮನೆ ಹಂಚಿಕೊಂಡು ಇದ್ದರೆ ನೀವು ಲಾಡ್ಜರ್. ಮೇಲೆ ಹೇಳಿದ ರಕ್ಷಣೆಗಳಲ್ಲಿ ಹೆಚ್ಚಿನವು ನಿಮಗಿಲ್ಲ. ಡೆಪಾಸಿಟ್ ಯೋಜನೆಯಲ್ಲಿ ಇಡುವ ಕಡ್ಡಾಯವಿಲ್ಲ, ಬಿಡಿಸಲು ಕೋರ್ಟು ಬೇಕಿಲ್ಲ. ಹಾಗಾಗಿ ಎಷ್ಟು ದಿನದ ನೋಟಿಸ್ ಎಂದು ಬರೆದಿಟ್ಟುಕೊಳ್ಳಿ. ಕೋಣೆ ಕೊಡುವವರಿಗೂ ಒಂದು ಮಾತು: ರೈಟ್ ಟು ರೆಂಟ್ ನೀವೂ ನೋಡಬೇಕು.

ಇನ್ನೊಂದು ಯಾರಿಗೂ ಗೊತ್ತಿಲ್ಲದ ಬಲೆ. ಓನರ್ ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋಗಿದ್ದಾರೆ, ಏಜೆಂಟ್ ಇಲ್ಲ, ವಾರಕ್ಕೆ 100 ಪೌಂಡಿಗಿಂತ ಜಾಸ್ತಿ ಬಾಡಿಗೆಯನ್ನು ನೀವೇ ನೇರವಾಗಿ ಅವರಿಗೆ ಕೊಡುತ್ತಿದ್ದೀರಿ. ಆಗ ಬಾಡಿಗೆಯಲ್ಲಿ ತೆರಿಗೆ ಹಿಡಿದು ಇಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಟ್ಟುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಹಿಡಿಯಬೇಡಿ ಎಂದು ಎಚ್‌ಎಂಆರ್‌ಸಿಯೇ ನಿಮಗೆ ಪತ್ರ ಬರೆದಿದ್ದರೆ ಮಾತ್ರ ಬಿಡುಗಡೆ. ಆ ಪತ್ರ ಬಂದಿದೆಯಾ ನೋಡಿ.

ಬೆನಿಫಿಟ್ಸ್: ಮೊದಲು ವೀಸಾ ನೋಡಿ

ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ "ಸಾರ್ವಜನಿಕ ನಿಧಿ ಇಲ್ಲ" ಎಂಬ ಷರತ್ತು ಇರುತ್ತದೆ, ಅಂದರೆ ಬೆನಿಫಿಟ್ಸ್ ಎನ್ನುವ ಸರ್ಕಾರಿ ನೆರವು ಪಡೆಯುವಂತಿಲ್ಲ. ಯೂನಿವರ್ಸಲ್ ಕ್ರೆಡಿಟ್ (ಕೆಲಸ ಇಲ್ಲದವರಿಗೆ, ಆದಾಯ ಕಡಿಮೆ ಇರುವವರಿಗೆ ಕೊಡುವ ನೆರವು), ಹೌಸಿಂಗ್ ಬೆನಿಫಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಮನೆ, ಆದಾಯ ಕಡಿಮೆ ಎಂದು ಸಿಗುವ ಕೌನ್ಸಿಲ್ ಟ್ಯಾಕ್ಸ್ ಕಡಿತ, ಇವೆಲ್ಲ ಆ ನಿಧಿಯಲ್ಲಿ ಬರುತ್ತವೆ. ಪಕ್ಕದ ಮನೆಯವರು ತೆಗೆದುಕೊಳ್ಳುತ್ತಾರೆ ಅಂತ ಅರ್ಜಿ ಹಾಕಬೇಡಿ, ವೀಸಾಗೇ ಕುತ್ತು ಬರಬಹುದು. ಮಕ್ಕಳ ಸರ್ಕಾರಿ ಶಾಲೆ, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ), ಕಂಪನಿ ಕೊಡುವ ಹೆರಿಗೆ ವೇತನ ಇದರಲ್ಲಿ ಬರುವುದಿಲ್ಲ. ಅವನ್ನು ಹೆದರದೆ ಪಡೆಯಿರಿ. ಗಂಡನಿಗೆ ಒಂದು ವೀಸಾ, ಹೆಂಡತಿಗೆ ಇನ್ನೊಂದು ಇದ್ದರೆ ಗುಂಪಿನಲ್ಲಿ ಕೇಳದೆ ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯಲ್ಲಿ ಕೇಳಿ. ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ.

ಶಾಶ್ವತ ವಾಸದ ಅನುಮತಿ ಸಿಕ್ಕವರಿಗೆ, ಬ್ರಿಟಿಷ್ ಪ್ರಜೆಗಳಾದವರಿಗೆ ಬೇರೆ ಲೆಕ್ಕ. ಕೆಲಸ ಹೋಯಿತು ಅಂದರೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಬಾಡಿಗೆಗೂ ಒಂದು ಭಾಗ ಸಿಗಬಹುದು. ಪೂರ್ತಿ ಬಾಡಿಗೆ ಸಿಗುತ್ತದೆ ಅಂತಲ್ಲ. ಆ ಪ್ರದೇಶಕ್ಕೆ, ನಿಮ್ಮ ಕುಟುಂಬಕ್ಕೆ ಬೇಕಾದ ಮಲಗುವ ಕೋಣೆಗಳ ಲೆಕ್ಕಕ್ಕೆ ಒಂದು ಮಿತಿ ಇದೆ. ನಾಲ್ಕು ಕೋಣೆಗಿಂತ ಮೇಲೆ ಇಲ್ಲ. ದುಡ್ಡು ನಿಮ್ಮ ಖಾತೆಗೆ ಬರುತ್ತದೆ, ಬಾಡಿಗೆ ನೀವು ಕಟ್ಟಬೇಕು. ಎರಡು ತಿಂಗಳ ಬಾಕಿ ಬಿದ್ದರೆ ನೇರವಾಗಿ ತನಗೇ ಕೊಡಿ ಎಂದು ಓನರ್ ಕೇಳಬಹುದು. ಬೆನಿಫಿಟ್ ಬರುತ್ತದೆ, ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆ ಇಲ್ಲ ಎನ್ನುವುದನ್ನು ಹೊಸ ಕಾಯ್ದೆ ತಡೆದಿದೆ. ಬಾಡಿಗೆ ಕಟ್ಟುವ ಶಕ್ತಿ ಇದೆಯಾ ಎಂದು ಮಾತ್ರ ನೋಡಬಹುದು.

ಕೌನ್ಸಿಲ್ ಟ್ಯಾಕ್ಸ್, ವೋಟು

ಇಡೀ ಮನೆ ಬಾಡಿಗೆಗೆ ಹಿಡಿದವರು ಕೌನ್ಸಿಲ್ ಟ್ಯಾಕ್ಸ್ ತಾವೇ ಕಟ್ಟಬೇಕು. ಎಚ್‌ಎಂಓದಲ್ಲಿ ಸಾಮಾನ್ಯವಾಗಿ ಓನರ್ ಕಟ್ಟಬೇಕು. 1991ರ ಏಪ್ರಿಲ್‌ನಲ್ಲಿ ಮನೆ ಎಷ್ಟು ಬೆಲೆ ಬಾಳುತ್ತಿತ್ತು ಎಂಬುದರ ಮೇಲೆ ಎ ಇಂದ ಎಚ್ ತನಕ ದರ್ಜೆ ಇದೆ. ಮನೆ ನೋಡುವಾಗಲೇ ಆ ದರ್ಜೆ ಕೇಳಿ, ತಿಂಗಳ ಲೆಕ್ಕ ತಲೆಕೆಳಗಾಗಬಾರದು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ. 25 ರಿಯಾಯಿತಿ. ಕುಟುಂಬ ಬರುವ ತನಕ ಒಬ್ಬರೇ ಇರುವವರು ಇದನ್ನು ಕೇಳಿ ಪಡೆಯಿರಿ. ಇದು ಸಾರ್ವಜನಿಕ ನಿಧಿಯಲ್ಲಿ ಬರುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಇಲ್ಲಿ ವೋಟು ಹಾಕಬಹುದು. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿದರೆ ಕ್ರೆಡಿಟ್ ದಾಖಲೆಗೂ ಅನುಕೂಲ, ಮುಂದಿನ ಮನೆ ಹುಡುಕುವಾಗ ಅದು ಬೇಕಾಗುತ್ತದೆ. ಮನೆ ಬಿಡುವಾಗ ಎರಡು ತಿಂಗಳ ನೋಟಿಸ್ ಬರವಣಿಗೆಯಲ್ಲಿ ಕೊಡಿ, ಮೊದಲ ದಿನ ತೆಗೆದ ಜಾಗಗಳ ಫೋಟೋವನ್ನೇ ಮತ್ತೆ ತೆಗೆಯಿರಿ, ಬಿಟ್ಟ ತಾರೀಕನ್ನು ಕೌನ್ಸಿಲ್‌ಗೆ ತಿಳಿಸಿ. ತಿಳಿಸದಿದ್ದರೆ ಹಳೆ ಮನೆಯ ಟ್ಯಾಕ್ಸ್ ಬಿಲ್ ನಿಮ್ಮ ಹೆಸರಿಗೇ ಬರುತ್ತಿರುತ್ತದೆ.