ಇಡಿಗಂಟು ಕೈಗೆ ಬಂತೇ? ಕಾರ್ಡ್ ಸಾಲ ಹೀಗೆ ತೀರಿಸಿ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ರೊಕ್ಕ, ರೈಲ್ವೆಯವರ ದಸರಾ ಬೋನಸ್, ಭಿಶಿಯ (ಚೀಟಿ ಹಣದ) ಪಾಳಿ, ನಿವೃತ್ತಿಯ ಗ್ರಾಚ್ಯುಟಿ. ಹೀಗೆ ಕೈಗೆ ಬಂದ ಗಂಟನ್ನು ಕ್ರೆಡಿಟ್ ಕಾರ್ಡ್ ಸಾಲಕ್ಕೆ ಸುರಿದವರು ಮುಂದಿನ ತಿಂಗಳು ಬಿಲ್ ಹಿಡಿದು ಬಂದು, "ಎಲ್ಲಾ ಕಟ್ಟೀನ್ರೀ, ಮತ್ಯಾಕ ಬಡ್ಡಿ ಹಾಕ್ಯಾರ?" ಎಂದು ಕೇಳುವುದನ್ನು ಹುಬ್ಬಳ್ಳಿಯ ಬ್ಯಾಂಕ್ ಶಾಖೆಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅವರು ಕಟ್ಟಿದ್ದು ನಿಜ. ಕಟ್ಟಿದ ಮೊತ್ತ ಮಾತ್ರ ಸಾಲ ಮುಗಿಸುವ ಮೊತ್ತ ಆಗಿರಲಿಲ್ಲ.

1. ಕಾರ್ಡ್ ಬಳಸುವುದನ್ನು ಇವತ್ತೇ ನಿಲ್ಲಿಸಿ. ಹಳೇ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ದುರ್ಗದಬೈಲಿನಲ್ಲಿ ಬಟ್ಟೆ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆಟೊಪೇಗೆ ಕೊಟ್ಟಿರುವ ವಿಮೆ, ಓಟಿಟಿ, ಮೊಬೈಲ್ ಬಿಲ್ಲುಗಳನ್ನು ಉಳಿತಾಯ ಖಾತೆಗೆ ಬದಲಿಸಿ.

2. ಒಂದು ತಿಂಗಳ ಮನೆಖರ್ಚು ಬದಿಗಿಟ್ಟು, ಉಳಿದದ್ದನ್ನೆಲ್ಲ ಸಾಲಕ್ಕೆ ಹಾಕಿ. ಪೂರ್ತಿ ಬರಿಗೈ ಮಾಡಿಕೊಂಡರೆ ಹದಿನೈದು ದಿನದಲ್ಲಿ ಮತ್ತೆ ಕಾರ್ಡೇ ಗತಿ. ಎಫ್‌ಡಿ ಇದ್ದರೆ ಮುರಿಯಿರಿ, ಸಂಕೋಚ ಬೇಡ. ಅದು ವರ್ಷಕ್ಕೆ ಆರೇಳು ಪರ್ಸೆಂಟ್ ಕೊಡುತ್ತಿರುವಾಗ ಕಾರ್ಡ್ ತಿಂಗಳಿಗೇ ಮೂರೂವರೆ ತಿನ್ನುತ್ತಿರುತ್ತದೆ.

3. ಎರಡು ಮೂರು ಕಾರ್ಡುಗಳಿದ್ದರೆ ಎಲ್ಲಕ್ಕೂ ಸಮನಾಗಿ ಹಂಚಬೇಡಿ. ಬಡ್ಡಿ ದರ ಯಾವುದರಲ್ಲಿ ಹೆಚ್ಚೋ ಅದನ್ನು ಮೊದಲು ಪೂರ್ತಿ ತೀರಿಸಿ, ಉಳಿದವಕ್ಕೆ ಸದ್ಯ ಬಿಲ್ಲಿನಲ್ಲಿ ತೋರಿಸಿರುವ ಕನಿಷ್ಠ ಮೊತ್ತ ಕಟ್ಟಿ. ಕನಿಷ್ಠ ಮೊತ್ತವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ನೋಡಿ: ಒಂದು ಲಕ್ಷ ಬಾಕಿಗೆ ತಿಂಗಳಿಗೆ 3.5ರಂತೆ ಬಡ್ಡಿ 3,500 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 630. ನೀವು 5,000 ಕಟ್ಟಿದರೆ ಅಸಲಿಗೆ ಹೋಗುವುದು 870 ಮಾತ್ರ.

4. ಎಡವುವುದು ಇಲ್ಲಿ, ನಿಧಾನವಾಗಿ ಓದಿ. ಬಿಲ್ಲಿನಲ್ಲಿ ಅಚ್ಚಾಗಿರುವುದು ಬಿಲ್ ತಯಾರಾದ ದಿನದ ಲೆಕ್ಕ. 5ನೇ ತಾರೀಖಿನ ಬಿಲ್ಲಿನಲ್ಲಿ ಹಳೇ ಬಾಕಿ 80,000 ಇದೆ, ನೀವು 18ಕ್ಕೆ ಕಟ್ಟಿದಿರಿ ಎನ್ನಿ. ವರ್ಷಕ್ಕೆ 42 ಪರ್ಸೆಂಟ್ ದರದಲ್ಲಿ ದಿನಕ್ಕೆ 92 ರೂಪಾಯಿ ಬಡ್ಡಿ. ಆ 13 ದಿನಕ್ಕೆ ಜಿಎಸ್‌ಟಿ ಸೇರಿ ಸುಮಾರು 1,400 ಆಗುತ್ತದೆ, ಅದು ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಆ್ಯಪ್‌ನಲ್ಲಿ ಸೊನ್ನೆ ನೋಡಿ ಸಮಾಧಾನಪಟ್ಟವರು ಈ 1,400ನ್ನು ಕಟ್ಟದೆ ಬಿಡುತ್ತಾರೆ. ಅದರ ಮೇಲೆ ತಡಪಾವತಿ ಶುಲ್ಕ, ಮತ್ತೆ ಬಡ್ಡಿ, ಜೊತೆಗೆ ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಬಾಕಿದಾರ ಎಂಬ ಕಲೆ.

ಆದ್ದರಿಂದ ಕಟ್ಟುವ ದಿನವೇ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ. "ಬಿಲ್ ಮೊತ್ತ ಬ್ಯಾಡ್ರೀ, ಇವತ್ತ ಪೂರ್ತಿ ಮುಗಸಾಕ ಎಷ್ಟು ಕಟ್ಟಬೇಕು ಹೇಳ್ರಿ" ಎಂದು ಕೇಳಿ. ಬಿಲ್ಲಿಗೆ ಇನ್ನೂ ಬರದ ಖರೀದಿ, ಈವರೆಗಿನ ಬಡ್ಡಿ, ಜಿಎಸ್‌ಟಿ, ಈ ಮೂರೂ ಅದರಲ್ಲಿ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಫ್ರಿಜ್ಜೋ ಟಿವಿಯೋ ಇಎಂಐ ಮೇಲೆ ತಂದಿದ್ದರೆ ಅದರ ಉಳಿದ ಅಸಲು ಬೇರೆ, ಅವಧಿಗೆ ಮುಂಚೆ ಮುಗಿಸುವ ಶುಲ್ಕವೂ ಬೇರೆ. ಆ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಬಾಯಿಮಾತು ಆಮೇಲೆ ನಿಲ್ಲುವುದಿಲ್ಲ.

"ಇಷ್ಟು ಕೊಡ್ರಿ, ಸೆಟ್ಲ್‌ಮೆಂಟ್ ಮಾಡಿ ಬಿಡ್ತೀವಿ" ಎಂದು ವಸೂಲಿಯವರು ಹೇಳಿದರೆ, ಪೂರ್ತಿ ಕಟ್ಟುವ ಶಕ್ತಿ ಇರುವವರು ಒಪ್ಪಲೇಬಾರದು. ಸೆಟ್ಲ್‌ಮೆಂಟ್ ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ಮುಗಿಸುವುದು. ಹಾಗೆ ಉಳಿಸಿದ ರೊಕ್ಕಕ್ಕೆ ಬದಲಾಗಿ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ಕೂರುತ್ತದೆ, ನಾಳೆ ಮನೆ ಸಾಲಕ್ಕೆ ಅದೇ ಅಡ್ಡಿ. ಬಾಕಿಯನ್ನು ಇನ್ನೊಂದು ಕಾರ್ಡಿಗೆ ವರ್ಗಾಯಿಸುವ ಆಫರ್‌ಗಳನ್ನೂ ನಾನು ನಂಬುವುದಿಲ್ಲ. ಗಂಟು ಸಾಲದೆ ಹೋದರೆ ಬ್ಯಾಂಕಿನಲ್ಲಿ ಬಂಗಾರ ಒತ್ತೆ ಇಟ್ಟು ಉಳಿದದ್ದನ್ನು ಮುಗಿಸುವುದು ಎಷ್ಟೋ ವಾಸಿ.

5. ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ನೆಫ್ಟ್ (ಬ್ಯಾಂಕ್ ಖಾತೆಯಿಂದ ವರ್ಗಾವಣೆ) ಮೂಲಕವೇ ಕಟ್ಟಿ. ಮನೆಗೆ ಬಂದವರ ಕೈಗೆ ನಗದು ಕೊಡಬೇಡಿ.

6. ಮುಂದಿನ ಬಿಲ್ ಬರುವವರೆಗೂ ಕಾದು, ಚಿಲ್ಲರೆ ಬಡ್ಡಿ ಬಂದಿದ್ದರೆ ಅಂದೇ ಕಟ್ಟಿ. ಸೊನ್ನೆ ಬಾಕಿಯ ಬಿಲ್ ಕೈಗೆ ಬಂದ ಮೇಲೆ ಕಾರ್ಡ್ ಮುಚ್ಚಲು ಲಿಖಿತವಾಗಿ ಕೇಳಿ, ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಒಂದೆರಡು ತಿಂಗಳ ನಂತರ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿ ತೆಗೆಸಿ, ಆ ಕಾರ್ಡಿನ ಎದುರು 'ಕ್ಲೋಸ್ಡ್' ಎಂದಿದೆಯೇ ನೋಡಿ.