ಸ್ಪೈಕಿಂಗ್ ಜಾಲವನ್ನು ಟ್ಯೂನ್ ಮಾಡಿದ್ದು: ನನ್ನ ಅನುಭವ

ಸ್ಪೈಕಿಂಗ್ ಜಾಲ ಅಂದರೆ ಮಿದುಳಿನ ನರಕೋಶಗಳ (ನ್ಯೂರಾನ್) ಹಾಗೆ ಸ್ಪೈಕ್ ಎಂಬ ಚುಟುಕು ವಿದ್ಯುತ್ ಮಿಡಿತಗಳಲ್ಲಿ ಮಾತಾಡುವ ಕಂಪ್ಯೂಟರ್ ಮಾದರಿ. ನರವಿಜ್ಞಾನಿ ಯೂಜೀನ್ ಇಝಿಕೆವಿಚ್ 2003ರಲ್ಲಿ ಕೊಟ್ಟ ನ್ಯೂರಾನ್ ಮಾದರಿಗೆ ಎರಡೇ ಸಮೀಕರಣ, ನಾಲ್ಕೇ ಪ್ಯಾರಾಮೀಟರ್ (ನಾವು ಹೊಂದಿಸಬಹುದಾದ ಸಂಖ್ಯೆಗಳು). ಆ ಪ್ರಬಂಧದಲ್ಲೇ 1000 ನ್ಯೂರಾನ್‌ಗಳ ಜಾಲದ ಪುಟ್ಟ ಕೋಡ್ ಇದೆ. 800 ಪ್ರಚೋದಿಸುವವು, 200 ತಡೆಯುವವು. ಹಾಗೇ ಓಡಿಸಿದರೆ ಅಲೆಅಲೆಯಾಗಿ ಒಟ್ಟಿಗೆ ಮಿಡಿಯುತ್ತವೆ. ನನಗೆ ಬೇಕಿದ್ದದ್ದು ಬೇರೆ: ಸೆಕೆಂಡಿಗೆ ಸುಮಾರು 5 ಸ್ಪೈಕ್, ಪ್ರತಿ ನ್ಯೂರಾನ್ ತನ್ನ ಪಾಡಿಗೆ ತಾನು.

ಸ್ಪೈಕ್ ಅಂದರೆ ಜಿಗಿತ, ನೇರವಾಗಿ ಗ್ರೇಡಿಯಂಟ್ (ಯಾವ ಕಡೆ ಬದಲಿಸಿದರೆ ಫಲಿತಾಂಶ ಸುಧಾರಿಸುತ್ತದೆಂದು ಹೇಳುವ ಇಳಿಜಾರು) ಸಿಗುವುದಿಲ್ಲ. ಜಿಗಿತದ ಬದಲು ನಯವಾದ ಇಳಿಜಾರನ್ನು ಇಟ್ಟುಕೊಳ್ಳುವ ಸರೋಗೇಟ್ ಗ್ರೇಡಿಯಂಟ್ ಇದೆ ನಿಜ, ಆದರೆ ಇಡೀ ಜಾಲದಲ್ಲಿ ನಾನು ಹೊಂದಿಸಬೇಕಿದ್ದ ಆರು ಪ್ಯಾರಾಮೀಟರ್‌ಗೆ ಅಷ್ಟೆಲ್ಲ ಯಾಕೆ? ಸಿಎಂಎ-ಇಎಸ್ ಹಿಡಿದೆ: ಗ್ರೇಡಿಯಂಟ್ ಇಲ್ಲದೆಯೇ, ತಲೆಮಾರಿನಿಂದ ತಲೆಮಾರಿಗೆ ಒಳ್ಳೆಯ ಅಭ್ಯರ್ಥಿಗಳ ಕಡೆ ಸರಿಯುತ್ತಾ ಹುಡುಕುವ ಅಲ್ಗಾರಿದಮ್. ಆರು ಆಯಾಮಕ್ಕೆ ಅದು ತಾನಾಗೇ ತಲೆಮಾರಿಗೆ 9 ಅಭ್ಯರ್ಥಿಗಳನ್ನು ಹುಟ್ಟಿಸುತ್ತದೆ, ಒಂದೊಂದನ್ನೂ ಬೇರೆ ಬೇರೆ ಕೋರ್‌ನಲ್ಲಿ ಓಡಿಸಬಹುದು. ತೂಕಗಳನ್ನು (ನ್ಯೂರಾನ್‌ಗಳ ನಡುವಿನ ಸಂಪರ್ಕದ ಬಲ) ಲಾಗ್ ಅಳತೆಯಲ್ಲಿ ಕೊಟ್ಟೆ. 0.1ರಿಂದ 0.2ಕ್ಕೆ ಹೋಗುವುದೂ 1ರಿಂದ 2ಕ್ಕೆ ಹೋಗುವುದೂ ಆಗ ಒಂದೇ ಹೆಜ್ಜೆ.

ನಿಜವಾದ ಕೆಲಸ ಇರುವುದು ಫಿಟ್‌ನೆಸ್, ಅಂದರೆ ಅಭ್ಯರ್ಥಿಗೆ ಅಂಕ ಕೊಡುವ ಸೂತ್ರ, ಬರೆಯುವುದರಲ್ಲಿ. ಬರೀ ಸರಾಸರಿ ದರ ಕೇಳಿದರೆ ಜಾಲ ಸಲೀಸಾಗಿ ಮೋಸ ಮಾಡುತ್ತದೆ. 200 ಮಿಲಿಸೆಕೆಂಡಿಗೊಮ್ಮೆ ಎಲ್ಲವೂ ಒಟ್ಟಿಗೆ ಸಿಡಿದರೂ ಸರಾಸರಿ 5 ತಾನೇ! ಸ್ಪೈಕ್‌ಗಳ ನಡುವಿನ ಅಂತರ ಎಷ್ಟು ಏರುಪೇರು ಅಂತ ನೋಡುವ ಸಿವಿ ಸೇರಿಸಿದೆ: ಗಡಿಯಾರದಂಥ ಮಿಡಿತಕ್ಕೆ 0, ಪೂರ್ತಿ ಯಾದೃಚ್ಛಿಕವಾದ ಪಾಯ್ಸಾನ್ ಮಿಡಿತಕ್ಕೆ 1. ಅದೂ ಸಾಲದು. ಎಲ್ಲವೂ ಒಟ್ಟಿಗೇ ಏರುಪೇರಾಗಬಹುದಲ್ವಾ? ಅದಕ್ಕೇ 5 ಮಿಲಿಸೆಕೆಂಡಿನ ಡಬ್ಬಿಗಳಲ್ಲಿ ಇಡೀ ಜಾಲದ ಸ್ಪೈಕ್ ಎಣಿಸಿ, ಆ ಎಣಿಕೆ ಜಾಸ್ತಿ ಕುಣಿದರೆ ದಂಡ ಹಾಕಿದೆ.

ಇನ್ನೊಂದು ಗೋಜು, ಸದ್ದೇ ಇಲ್ಲದ ಜಾಲ. ಸ್ಪೈಕ್ ಬಾರದ ಎಲ್ಲಕ್ಕೂ ಒಂದೇ ಅಂಕ ಬಿದ್ದರೆ ಯಾವ ಕಡೆ ಹೋಗಬೇಕೆಂದು ಅಲ್ಗಾರಿದಮ್‌ಗೆ ತಿಳಿಯುವುದಿಲ್ಲ. ಅಂಥವಕ್ಕೆ ಪೊರೆಯ ವೋಲ್ಟೇಜ್ ಎಷ್ಟು ಮೇಲೇರಿತು ಎಂಬುದರ ಮೇಲೆ ಅಂಕ ಕೊಟ್ಟೆ. ಹುಡುಕಾಟ ಆಮೇಲೆ ಸಲೀಸಾಯಿತು.

ಒಂದೇ ರ್‍ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರು ಮಾಡುವ ಸಂಖ್ಯೆ) ನಂಬಬೇಡಿ, ಅದೃಷ್ಟವಂತ ಗೆದ್ದುಬಿಡುತ್ತಾನೆ. ಒಂದು ತಲೆಮಾರಿನ ಎಲ್ಲರಿಗೂ ಅದೇ ಕೆಲವು ಸೀಡ್ ಕೊಟ್ಟು ಸರಾಸರಿ ತೆಗೆಯಿರಿ, ಮುಂದಿನ ತಲೆಮಾರಿಗೆ ಬದಲಿಸಿ.

ಕೊನೆಗೆ ನನಗೆ ತುಂಬಾ ಹಿಡಿಸಿದ್ದು ಕೋವೇರಿಯನ್ಸ್ ಮ್ಯಾಟ್ರಿಕ್ಸ್: ಯಾವ ಪ್ಯಾರಾಮೀಟರ್‌ಗಳು ಜೊತೆಜೊತೆಗೆ ಬದಲಾಗುತ್ತವೆ ಅಂತ ಸಿಎಂಎ-ಇಎಸ್ ಕಲಿತಿಡುವ ಪಟ್ಟಿ. ಪ್ರಚೋದಿಸುವ ತೂಕವೂ ತಡೆಯುವ ತೂಕವೂ ಜೊತೆಜೊತೆಗೆ ಏರಿದರೆ ವರ್ತನೆ ಹೆಚ್ಚು ಬದಲಾಗುವುದಿಲ್ಲ ಅಂತ ಅದರಲ್ಲೇ ಕಂಡಿತು. ನರವಿಜ್ಞಾನಿ ಈವ್ ಮಾರ್ಡರ್ ತಂಡ 2004ರಲ್ಲಿ ಏಡಿ, ಲಾಬ್‌ಸ್ಟರ್‌ಗಳ ಜಠರದ ನರಜಾಲದ ಮಾದರಿಯಲ್ಲಿ ಇಂಥದ್ದನ್ನೇ ತೋರಿಸಿತ್ತು: ತೀರಾ ಬೇರೆ ಬೇರೆ ಪ್ಯಾರಾಮೀಟರ್‌ಗಳು, ಹೆಚ್ಚುಕಮ್ಮಿ ಒಂದೇ ಲಯ. ಹಾಗಾಗಿ ನಾನು ಒಂದೇ 'ಬೆಸ್ಟ್' ಇಟ್ಟುಕೊಳ್ಳುವುದಿಲ್ಲ. ಪಾಸಾದವುಗಳನ್ನೆಲ್ಲ ಫೈಲಿಗೆ ಹಾಕಿ, ಹೊಸ ಸೀಡ್‌ಗಳಲ್ಲಿ ಮತ್ತೆ ಓಡಿಸಿ ನೋಡುತ್ತೇನೆ.